ಪಿಸ್ಟನ್ ಹಿಡಿದುಕೊಂಡರೆ ಡೀಸೆಲ್ಲೋ, ಎಟಿಎಫ್ ಮಿಶ್ರಣವೋ?

ಗೋವಾದ ಗುಜರಿಯಲ್ಲಿ ಒಂದೇ ಮಾದರಿಯ ಎರಡು ಹಳೆ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್ ಸಿಕ್ಕವು. 1950ರ ದಶಕದ ಅಮೆರಿಕದ ಮಾಲು, 5.5 ಎಚ್‌ಪಿ, ಎರಡು ಸಿಲಿಂಡರ್. ಎರಡರಲ್ಲೂ ಪಿಸ್ಟನ್ ಹಿಡಿದುಕೊಂಡಿತ್ತು. ಒಂದನ್ನು ಓಡಿಸೋಣ, ಇನ್ನೊಂದು ಬಿಡಿಭಾಗಕ್ಕೆ ಇರಲಿ ಅಂತ ಬಾಗಲಕೋಟೆಗೆ ತಂದೆ. ಎರಡೂ ಜಾಮ್ ಆಗಿವೆ ಅಂದಮೇಲೆ ಎರಡಕ್ಕೂ ಬೇರೆ ಬೇರೆ ಮದ್ದು ಹಾಕಿ ನೋಡಬಹುದಲ್ವಾ?

ಮೊದಲನೆಯದಕ್ಕೆ ಡೀಸೆಲ್. ನಮ್ಮ ಕಡೆ ಪಂಪ್‌ಸೆಟ್ ರಿಪೇರಿಯವರು ಮೊದಲು ಹೇಳುವುದೇ ಇದನ್ನು. ಎರಡನೆಯದಕ್ಕೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ಕೆಂಪು ಎಣ್ಣೆ, ಜೊತೆಗೆ ಅಷ್ಟೇ ಅಸಿಟೋನ್. ಇವೆರಡೂ ಬೇಗ ಬೇರೆಯಾಗುತ್ತವೆ. ಪ್ರತಿಸಲ ಅಲ್ಲಾಡಿಸಿಯೇ ಹಾಕಬೇಕು. ಅಸಿಟೋನ್ ಬೇಗ ಆರುತ್ತದೆ, ಬೇಗ ಬೆಂಕಿಯೂ ಹತ್ತುತ್ತದೆ. ಅಂಗಳದಲ್ಲೇ ಕೆಲಸ ಮಾಡಿ, ಎಣ್ಣೆ ಸುರಿಯುವ ಸ್ಪಾರ್ಕ್ ಪ್ಲಗ್ಗಿನ ತೂತು ಮುಚ್ಚಿಡಿ.

ಈ ಎಂಜಿನ್ನುಗಳಲ್ಲಿ ಸಿಲಿಂಡರ್ ಅಡ್ಡ ಮಲಗಿರುತ್ತವೆ. ಹಾಗೇ ಸುರಿದರೆ ಎಣ್ಣೆ ಪಿಸ್ಟನ್ನಿನ ಸುತ್ತ ನಿಲ್ಲುವುದಿಲ್ಲ. ತೂತು ಮೇಲೆ ಬರುವ ಹಾಗೆ ಎಂಜಿನ್ ಮಲಗಿಸಿದೆ.

ಡೀಸೆಲ್ಲಿನದು ಹನ್ನೆರಡು ದಿನವಾದರೂ ಕದಲಲಿಲ್ಲ. ಮಿಶ್ರಣದ್ದು ನಾಲ್ಕನೇ ದಿನ ಕೂದಲೆಳೆಯಷ್ಟು ಸರಿಯಿತು. ಹಾಗಂತ ಡೀಸೆಲ್ ಕೆಟ್ಟದ್ದು ಅನ್ನಲಾರೆ. ಬಿಚ್ಚಿ ನೋಡಿದಾಗ ಆ ಎಂಜಿನ್ನಿನಲ್ಲಿ ತುಕ್ಕು ಜಾಸ್ತಿಯೇ ಇತ್ತು. ಆದರೆ ಅದಕ್ಕೂ ಮಿಶ್ರಣ ಹಾಕಿದ ಮೂರನೇ ದಿನ ಬಿಟ್ಟುಕೊಂಡಿತು. ಅದನ್ನು ನೋಡಿದ ಮೇಲೆ ನನ್ನ ಮತ ಮಿಶ್ರಣಕ್ಕೇ.

ಇಷ್ಟು ದಿನ ಕಾಯಲು ನನ್ನ ಕೈಲಿ ಆಗುತ್ತಿರಲಿಲ್ಲ. ಸುತ್ತಿಗೆ ತೆಗೆದಾಗ ನಮ್ಮ ಕಾಕಾ ಕೈ ಹಿಡಿದರು. "ತಮ್ಮಾ, ಹೊಡಿಬ್ಯಾಡ. ಅಲ್ಯೂಮಿನಿಯಂ ಐತಿ, ಒಡೀತೈತಿ." ಎಂಜಿನ್ ಮೇಲಿನ ಭಾರದ ಚಕ್ರ, ಅಂದರೆ ಫ್ಲೈವೀಲ್, ಅದರ ನಟ್ಟಿಗೆ ಪಾನಾ ಹಾಕಿ, ಬಿಗಿಯಾಗುವ ದಿಕ್ಕಿಗೆ ಮೆಲ್ಲಗೆ ಒತ್ತಿ ಬಿಡಬೇಕು, ಅಷ್ಟೇ.

ಕಿಡಿ ಹೊತ್ತಿಸಲು ಕರೆಂಟ್ ಕಡಿಯುವ ಪಾಯಿಂಟ್ ವಿಷಯ ಬೇಗ ಮುಗಿಯುತ್ತದೆ. ಹಳೆಯದನ್ನು ಸಣ್ಣ ಅರದಿಂದ ತೀಡಿ, ಸಂದು 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್ ಇಟ್ಟೆ. ಕಿಡಿ ಬಂತು, ಆದರೆ ಬಿಸಿಯಾದ ಮೇಲೆ ಹೋಯಿತು. ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬಿರುಕು ಬಿಟ್ಟಿತ್ತು. ಕಾಯಿಲ್ ಮಾತ್ರ ಹೊಸದೇ ಹಾಕಿ.

ಇನ್ನು ಪೆಟ್ರೋಲಿಗೆ ಬೆರೆಸುವ ಎಣ್ಣೆ. ಟೂ-ಸ್ಟ್ರೋಕ್ ಬೈಕಿನ 2ಟಿ ಎಣ್ಣೆ ಸುಲಭಕ್ಕೆ ಸಿಗುತ್ತದೆ. ಬೋಟಿನ ಟಿಸಿ-ಡಬ್ಲ್ಯೂ3 ಹುಡುಕಬೇಕು. ನೀರಿನಿಂದ ತಂಪಾಗುವ ಎಂಜಿನ್ ಬೈಕಿನಷ್ಟು ಬಿಸಿಯಾಗುವುದಿಲ್ಲ. ಬೂದಿ ಉಳಿಸದ ಎಣ್ಣೆ ಬೇಕಾಗುವುದು ಅದಕ್ಕೇ. ಹತ್ತು ಗಂಟೆ ಓಡಿಸಿದ ಮೇಲೆ 2ಟಿಯ ಪ್ಲಗ್ಗಿಗೆ ಮಸಿ ಗಟ್ಟಿಯಾಗಿ ಕೂತಿತ್ತು, ಟಿಸಿ-ಡಬ್ಲ್ಯೂ3ರದು ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಅಳತೆ ಮಾತ್ರ ಹಳೆಯದೇ, 24ಕ್ಕೆ 1. ಲೀಟರಿಗೆ ಸುಮಾರು 42 ಮಿಲಿ. ಈಗಿನ 50ಕ್ಕೆ 1 ಅಳತೆ ಇಂಥ ಎಂಜಿನ್ನಿಗೆ ಸಾಲದು. ಬೇರಿಂಗ್ ಸವೆಯುತ್ತವೆ.

ನೀರೆತ್ತುವ ರಬ್ಬರ್ ಇಂಪೆಲ್ಲರ್ ಕಲ್ಲಾಗಿತ್ತು, ಹೊಸದು ಹಾಕಿ ನೀರು ತುಂಬಿದ ಬ್ಯಾರೆಲ್ಲಿನಲ್ಲಿ ಇಳಿಬಿಟ್ಟೇ ಚಾಲೂ ಮಾಡಿದೆ. ನೀರಿಲ್ಲದೆ ಓಡಿಸಿದರೆ ಇಂಪೆಲ್ಲರ್ ನಿಮಿಷದೊಳಗೇ ಹಾಳಾಗಬಹುದು.

ಆಲಮಟ್ಟಿ ತುಂಬಿದ ಮೇಲೆ ಹೆರಕಲ್ ಹತ್ತಿರ ಹಿನ್ನೀರಿಗೆ ಇಳಿಸಿದೆವು. ಎರಡನೇ ಸಲ ಹಗ್ಗ ಎಳೆದಾಗಲೇ ಎಂಜಿನ್ ಹತ್ತಿತು. ಕಾಕಾ ಸಿಲಿಂಡರ್ ಹೆಡ್ಡಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ತಂಪು ಮಾಡುವ ನೀರು ಎಂಜಿನ್ನಿಗೆ ಏರುತ್ತಿತ್ತು.