ಗ್ರಾಮಸಭೆಯ ನಡಾವಳಿ ಬರೆಯುವ ‘ಸಭಾಸಾರ್’
ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಹೊರತಂದ ‘ಸಭಾಸಾರ್’, ಗ್ರಾಮಸಭೆಯ ಧ್ವನಿ ಅಥವಾ ವಿಡಿಯೊ ಮುದ್ರಿಕೆಯಿಂದ ನಡಾವಳಿಯ ಕರಡನ್ನು ಸಿದ್ಧಪಡಿಸುವ ಕೃತಕ ಬುದ್ಧಿಮತ್ತೆಯ ಸಾಧನವಾಗಿದ್ದು, ಅದರ ಭಾಷಾ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಭಾಷಾಂತರ ವೇದಿಕೆ ‘ಭಾಷಿಣಿ’ಯನ್ನು ಜೊತೆಗೂಡಿಸಿಕೊಂಡಿರುವುದು ನಿಜಕ್ಕೂ ಮೆಚ್ಚಬೇಕಾದ ಸಂಗತಿ. ಗದಗ ಜಿಲ್ಲೆಯ ನಮ್ಮೂರಿನ ಸಭೆಯ ಕರಡನ್ನು ನಾನು ಸಾಲು ಬಿಡದೆ ಓದಿದೆ. ಬೀದಿದೀಪ, ನರೇಗಾ ಕೂಲಿ, ಶಾಲೆಯ ಕಾಂಪೌಂಡು, ಎಲ್ಲವೂ ವಿಷಯವಾರು ಅಚ್ಚುಕಟ್ಟಾಗಿ ಬಂದಿದ್ದವು. ಆದರೆ ಮೈಕು ಅಧ್ಯಕ್ಷರ ಮೇಜಿನ ಮೇಲಷ್ಟೇ ಇದ್ದುದರಿಂದ, ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹೆಣ್ಣುಮಕ್ಕಳು ತುಂಬಿ ಹರಿಯುವ ಗಟಾರದ ಬಗ್ಗೆ ಎರಡೆರಡು ಸಲ ಹೇಳಿದ ಮಾತು ಅದರಲ್ಲಿ ಇರಲೇ ಇಲ್ಲ. ಈ ಕೊರತೆ ನಮ್ಮ ಏರ್ಪಾಡಿನದು. ಮುಂದಿನ ಸಭೆಯಲ್ಲಿ ಕಟ್ಟೆಯ ಬಳಿಯೂ ಒಂದು ಮೈಕು ಇಡಬೇಕು, ಪಿಡಿಒ ಸಹಿ ಮಾಡುವ ಮುನ್ನ ಕರಡನ್ನು ಜನರೆದುರು ಓದಿ ಹೇಳಬೇಕು.