ಕಾರಿನ ಸ್ಕ್ರೀನ್ ಒರೆಸಲು ಯಾವುದು ಸರಿ: ನೀರು, ಸೋಪು, ಆಲ್ಕೋಹಾಲ್, ಗ್ಲಾಸ್ ಕ್ಲೀನರ್?

ಡ್ಯಾಶ್‌ಬೋರ್ಡಿನ ಟಚ್‌ಸ್ಕ್ರೀನ್ ಕಿಟಕಿಯ ಗಾಜಿನಂತೆ ಕಂಡರೂ ಬಹಳಷ್ಟು ಕಾರುಗಳಲ್ಲಿ ಅದರ ಮೇಲೆ ತೆಳುವಾದ ಕೋಟಿಂಗ್ ಇರುತ್ತದೆ. ಬಿಸಿಲಿನ ಪ್ರತಿಫಲನ ತಗ್ಗಿಸುವುದು, ಬೆರಳಿನ ಜಿಡ್ಡು ಅಂಟದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಒಮ್ಮೆ ಕಿತ್ತುಹೋದರೆ ಉಜ್ಜಿ ಸರಿಮಾಡಲಾಗದು. ಆ ಜಾಗ ಮಂಕಾಗಿ, ಬೆರಳಚ್ಚು ಮೊದಲಿಗಿಂತ ಬೇಗ ಕೂರುತ್ತದೆ. ಹಾಗಾಗಿ ಯಾವುದು ಹೆಚ್ಚು ಹೊಳಪು ಕೊಡುತ್ತದೆ ಎಂಬುದಕ್ಕಿಂತ ಯಾವುದು ಕೋಟಿಂಗ್ ಉಳಿಸುತ್ತದೆ ಎಂದು ನೋಡಿದೆವು. ಸ್ಕ್ರೀನಿನ ಎಡ ಅರ್ಧಕ್ಕೆ ಒಂದು, ಬಲ ಅರ್ಧಕ್ಕೆ ಇನ್ನೊಂದು ಹಚ್ಚಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಅಪಾಯದ ದ್ರಾವಣಗಳನ್ನು ಮಾತ್ರ ಕಳಚಿಟ್ಟ ಹಳೆಯ ಸ್ಕ್ರೀನ್ ಮೇಲೆ ನೋಡಿದ್ದು.

ಯಾವ ದಾರಿ ಹಿಡಿದರೂ ಮೊದಲು ಧೂಳು ಹೋಗಬೇಕು. ರಸ್ತೆಯ ಧೂಳಿನಲ್ಲಿ ಕ್ವಾರ್ಟ್ಜ್ ಮರಳಿನ ಕಣಗಳಿರುತ್ತವೆ. ಮೋಸ್ ಅಳತೆಯಲ್ಲಿ ಅದರ ಗಡಸುತನ 7, ಸಾಮಾನ್ಯ ಗಾಜಿನದು ಸುಮಾರು 5.5. ಒಣ ಬಟ್ಟೆಯಲ್ಲಿ ಒತ್ತಿ ಒರೆಸಿದಾಗ ಬೀಳುವ ಕೂದಲೆಳೆ ಗೀರುಗಳು ಈ ಮರಳಿನ ಕೆಲಸ. ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಕೊಡವಿ. ಟಿಶ್ಯೂ ಪೇಪರ್, ಹಳೆಯ ಬನಿಯನ್ ಎರಡೂ ಬೇಡ: ಒಂದು ಪುಡಿ ಬಿಡುತ್ತದೆ, ಇನ್ನೊಂದು ಜಿಡ್ಡನ್ನು ಎತ್ತದೆ ಸವರುತ್ತದೆ.

ನೀರು ಮತ್ತು ಎರಡು ಮೈಕ್ರೋಫೈಬರ್ ಬಟ್ಟೆ, ನಮ್ಮ ಲೆಕ್ಕದಲ್ಲಿ ಇದೇ ಮೊದಲ ಆಯ್ಕೆ. ಆದರೆ ಎಲ್ಲ ನೀರೂ ಒಂದೇ ಅಲ್ಲ. ಬೋರ್‌ವೆಲ್ ನೀರಿನಲ್ಲಿ ಒರೆಸಿದ ಅರ್ಧದಲ್ಲಿ ಆರಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ, ಡಿಸ್ಟಿಲ್ಡ್ ನೀರಿನದ್ದು ಸ್ವಚ್ಛವಾಗಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ವಾಟರ್ ಸಾಕು. ಬ್ಯಾಟರಿ ಆಸಿಡ್ ಬೇರೆ, ಲೇಬಲ್ ಓದಿಯೇ ಕೊಳ್ಳಿ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಸ್ಕ್ರೀನ್ ಆಫ್ ಮಾಡಿ, ತಣ್ಣಗಾಗಲು ಬಿಡಿ. ಬಿಸಿ ಸ್ಕ್ರೀನ್ ಮೇಲೆ ನೀರು ಒರೆಸುವ ಮೊದಲೇ ಆರಿ ಪಟ್ಟೆ ಬೀಳುತ್ತದೆ. ಒರೆಸುವಾಗ ಟಚ್ ಕೆಲಸ ಮಾಡದಂತೆ ತಡೆಯಲೆಂದೇ ಟೆಸ್ಲಾ ಕಾರುಗಳಲ್ಲಿ ಸ್ಕ್ರೀನ್ ಕ್ಲೀನ್ ಮೋಡ್ ಇದೆ. ಬಟ್ಟೆಯ ಮೂಲೆಗೆ ನಾಲ್ಕೈದು ಹನಿ ಹಾಕಿ, ಹಿಂಡಿದರೂ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವ ಮಾಡಿ. ಒಂದೇ ದಿಕ್ಕಿನಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಎಳೆಯಿರಿ. ಸ್ಕ್ರೀನಿಗೆ ನೇರವಾಗಿ ಸ್ಪ್ರೇ ಮಾಡಬಾರದು: ನೀರು ಕೆಳಗಿಳಿದು ಅಂಚಿನ ಸಂದಿಯಿಂದ ಒಳಗಿನ ಸರ್ಕ್ಯೂಟ್ ಸೇರುತ್ತದೆ.

ಸನ್‌ಸ್ಕ್ರೀನ್, ಎಣ್ಣೆ ತಿಂಡಿಯ ಜಿಡ್ಡಿಗೆ ಬರೀ ನೀರು ಸಾಲದು. 250 ಮಿ.ಲೀ. ನೀರಿಗೆ ಬೇಬಿ ಶಾಂಪೂ 2 ಹನಿ ಸಾಕು. ಅದಕ್ಕಿಂತ ಹೆಚ್ಚಾದರೆ ಸೋಪಿನ ಪೊರೆ ಉಳಿದು, ಒರೆಸಿದಷ್ಟೂ ಮಸುಕಾಗುತ್ತದೆ. ಕೊನೆಗೆ ಬರೀ ನೀರಿನ ತೇವದಲ್ಲಿ ಇನ್ನೊಮ್ಮೆ ಒರೆಸಲೇಬೇಕು.

ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲ್ ಜಿಡ್ಡನ್ನು ಸೋಪಿಗಿಂತ ಚುರುಕಾಗಿ ತೆಗೆಯುತ್ತದೆ, ಪಟ್ಟೆಯೂ ಬಿಡುವುದಿಲ್ಲ. ಆದರೂ ನಾವು ಅದನ್ನು ಸೋಪಿನ ಕೆಳಗೇ ಇಡುತ್ತೇವೆ. ಆಲ್ಕೋಹಾಲ್ ಬಳಸಬೇಡಿ ಎಂದು ಹಲವು ಕಾರುಗಳ ಓನರ್ಸ್ ಮ್ಯಾನ್ಯುಯಲ್ ಹೇಳುತ್ತದೆ, ಮತ್ತೆ ಮತ್ತೆ ಬಳಸಿದರೆ ಕೋಟಿಂಗ್ ಸವೆಯಬಹುದು. ಅಕ್ರಿಲಿಕ್ ಪ್ಲಾಸ್ಟಿಕ್ ಆದರೆ ನವಿರು ಬಿರುಕುಗಳೂ ಮೂಡಬಹುದು. ಕನ್ನಡಕ ಒರೆಸುವ ಒದ್ದೆ ವೈಪ್ಸ್‌ನಲ್ಲೂ ಸಾಮಾನ್ಯವಾಗಿ ಇದೇ ಆಲ್ಕೋಹಾಲ್ ಇರುತ್ತದೆ ಎಂಬುದು ನೆನಪಿರಲಿ.

ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಮೊದಲ ದಿನ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ಅದು ಕೋಟಿಂಗನ್ನು ಕೆಡಿಸುತ್ತದೆ, ಪ್ಲಾಸ್ಟಿಕ್ಕನ್ನು ಮಂಕಾಗಿಸುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್ ಜಿಡ್ಡಿನ ಪೊರೆ ಬಿಟ್ಟು ಧೂಳನ್ನು ಕರೆಯುತ್ತದೆ. ಟೂತ್‌ಪೇಸ್ಟ್ ಉಜ್ಜುಪುಡಿಯೇ, ಗೀರು ತೆಗೆಯುವ ಬದಲು ಹೊಸದನ್ನು ಹಾಕುತ್ತದೆ.

ಮೈಕ್ರೋಫೈಬರ್ ಬಟ್ಟೆಯನ್ನು ಟರ್ಕಿ ಟವೆಲ್ ಜೊತೆ ಒಗೆಯಬೇಡಿ, ನೂಲಿನ ಚೂರು ಅಂಟುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗಳಿಗೆ ಮೇಣದಂಥ ಪದರ ಹತ್ತಿ ನೀರು ಹೀರುವುದು ಕಡಿಮೆಯಾಗುತ್ತದೆ. ಇನ್ನು ಸ್ಪೀಡೋಮೀಟರ್ ಮೇಲಿನ ಪಾರದರ್ಶಕ ಕವಚ, ಸ್ಕ್ರೀನಿನ ಸುತ್ತಲಿನ ಹೊಳೆಯುವ ಕಪ್ಪು ಪಟ್ಟಿ ಸಾಮಾನ್ಯವಾಗಿ ಪ್ಲಾಸ್ಟಿಕ್; ಗಾಜಿಗಿಂತ ಬೇಗ ಗೀರು ಬೀಳುವುದು ಅವಕ್ಕೇ. ಅಲ್ಲಿಗೆ ಹೊಸ ಬಟ್ಟೆ, ಬರೀ ನೀರು, ಬೆರಳು ತಾಗಿಸಿದಷ್ಟೇ ಒತ್ತಡ.