ಮೇಲ್ಗಡೆ ಗೋಡೌನ್ ಬರುತ್ತಿದೆಯಾ? ಮಣ್ಣು ಹೊಡೆಯುವ ಮೊದಲೇ ಹೋಗಿ ಹಳ್ಳ ನೋಡಿ

ನಮ್ಮದು ಹೊಸಕೋಟೆ ಕಡೆ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ, ಮನೆ ಪಕ್ಕದಲ್ಲೇ ರೇಷ್ಮೆ ಹುಳ ಸಾಕುವ ಹುಳದ ಮನೆ. ತೋಟದ ಮೇಲ್ಗಡೆ ಮೊದಲು ರಾಗಿ ಹೊಲಗಳಿದ್ದವು. ಮೂರು ವರ್ಷದ ಹಿಂದೆ ಅಲ್ಲಿ ಗೋಡೌನ್ ಎದ್ದಿತು. ಬರೀ ತಗಡಿನ ಸೂರೇ ಐದು ಎಕರೆ, ಸುತ್ತ ಲಾರಿ ನಿಲ್ಲಿಸೋಕೆ ಕಾಂಕ್ರೀಟು. ಯಾರದ್ದು ಅಂತ ಬರೆಯಲ್ಲ, ಯಾಕೆಂದರೆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಜಾಗ ಮಟ್ಟ ಮಾಡೋಕೆ ಮಣ್ಣು ಬೇಕಿತ್ತು. ಲೋಡಿಗೆ ಇಷ್ಟು ಅಂದಾಗ ನಮ್ಮಣ್ಣ ಟ್ರ್ಯಾಕ್ಟರ್ ಬಿಟ್ಟ, ಎರಡು ತಿಂಗಳು ಒಳ್ಳೆ ದುಡಿಮೆ. ಅದರಲ್ಲಿ ಎಷ್ಟೋ ಲೋಡು ಹೋಗಿ ಬಿದ್ದಿದ್ದು ಹಳ್ಳಕ್ಕೆ. ಹನ್ನೆರಡು ಅಡಿ ಅಗಲದ ಹಳ್ಳ, ಆದರೆ ಮುಕ್ಕಾಲು ವರ್ಷ ಒಣಗಿರುತ್ತಿತ್ತು, ಲಂಟಾನ ಬೆಳೆದಿತ್ತು, ಅದನ್ನು ಹಳ್ಳ ಅಂತ ನಾವೇ ಮರೆತಿದ್ದೆವು. ಅಲ್ಲಿ ಎರಡಡಿ ಸಿಮೆಂಟ್ ಪೈಪು ಹೂತು ಮೇಲೆ ಕಾಂಪೌಂಡ್ ಕಟ್ಟಿದರು. ನೀರಿಗೆ ದಾರಿ ಬಿಟ್ಟಿದ್ದಾರಲ್ಲ ಅಂತ ಸುಮ್ಮನಾದೆವು.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಮಳೆ ಹೊಯ್ದಿತು. ನಾಯಿ ಒಂದೇ ಸಮ ಬೊಗಳುತ್ತಿತ್ತು ಅಂತ ಬ್ಯಾಟರಿ ಹಿಡಿದು ಹೊರಗೆ ಬಂದರೆ ಅಂಗಳದಲ್ಲಿ ಮೊಣಕಾಲುದ್ದ ಕೆಂಪು ನೀರು. ಅದರ ಮೇಲೆ ಥರ್ಮಾಕೋಲ್ ಚೂರು, ಪ್ಯಾಕಿಂಗ್ ಪ್ಲಾಸ್ಟಿಕ್, ಬೆಳಕು ಬಿದ್ದ ಕಡೆ ಬಣ್ಣ ಬಣ್ಣದ ಡೀಸೆಲ್ ಪೊರೆ. ಪೈಪಿನ ಬಾಯಿಗೆ ಅದೇ ಪ್ಲಾಸ್ಟಿಕ್ ಸಿಕ್ಕಿಕೊಂಡು, ನೀರು ಕಾಂಪೌಂಡ್ ಹಿಂದೆ ಕೆರೆಯಂತೆ ತುಂಬಿ, ಗೋಡೆಯನ್ನೇ ಒಂದು ಕಡೆ ಕೆಡವಿಕೊಂಡು ನಮ್ಮ ತೋಟಕ್ಕೆ ನುಗ್ಗಿತ್ತು.

ಹುಳದ ಮನೆಯೊಳಗೆ ನೀರು ಬರಲಿಲ್ಲ, ಸದ್ಯ ಬದುಕಿದೆವು ಅಂದುಕೊಂಡೆವು. ಆದರೆ ಹುಳ ಆಗತಾನೇ ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿತ್ತು, ಹೊತ್ತು ಹೊತ್ತಿಗೆ ಸೊಪ್ಪು ಬೇಕು. ಸೊಪ್ಪಿನ ಮೇಲೆಲ್ಲ ಕೆಸರು. ತೊಳೆದು, ಫ್ಯಾನ್ ಕೆಳಗೆ ಆರಿಸಿ ಹಾಕಿದೆವು. ಮೂರನೇ ದಿನಕ್ಕೆ ಸಪ್ಪೆ ರೋಗ. 150 ಮೊಟ್ಟೆ (ಒಂದು ಚಿಟ್ಟೆ ಇಟ್ಟ ನೂರಾರು ತತ್ತಿಗಳ ಗುಂಪಿಗೆ ನಾವು ಒಂದು ಮೊಟ್ಟೆ ಅಂತೀವಿ) ಹುಳವನ್ನು ಅಮ್ಮ ಮೊರದಲ್ಲಿ ಬಾಚಿ ಬಾಚಿ ಗುಂಡಿಗೆ ಹಾಕಿ ಸುಣ್ಣ ಎರಚಿದರು.

ಆಮೇಲೆ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ಅಂದರೆ 50 ಮಿ.ಮೀ. ಮಳೆಗೆ ಎಕರೆಗೆ 2 ಲಕ್ಷ ಲೀಟರ್, ಐದು ಎಕರೆ ಸೂರಿಗೆ 10 ಲಕ್ಷ. 5,000 ಲೀಟರಿನ 200 ಟ್ಯಾಂಕರ್ ತಂದು ಒಂದೇ ಸಲ ಸುರಿದಂಗೆ! ಕಾಂಕ್ರೀಟ್ ಅಂಗಳದ್ದು ಬೇರೆ, ಇನ್ನೂ ಮೇಲಿನ ಹೊಲಗಳದ್ದು ಬೇರೆ. ರಾಗಿ ಹೊಲ ಇದ್ದಾಗ ಒಂದಷ್ಟು ಇಂಗುತ್ತಿತ್ತು, ಉಳಿದದ್ದು ಬದುಗಳಲ್ಲಿ ನಿಂತು ನಿಧಾನ ಬರುತ್ತಿತ್ತು. ತಗಡು ಹನಿಯನ್ನೂ ಕುಡಿಯಲ್ಲ.

ಪರಿಹಾರಕ್ಕೆ ಅಲೆದಿದ್ದನ್ನು ಬರೆದು ಏನು ಪ್ರಯೋಜನ, ಈ ಕಚೇರಿಯವರು ಆ ಕಚೇರಿ ಅಂದರು, ಅಲ್ಲಿಯವರು ಮತ್ತೆ ಇಲ್ಲಿಗೇ ಕಳಿಸಿದರು. ನಿಮ್ಮಲ್ಲಿ ಹಳ್ಳ ಇತ್ತು ಅನ್ನೋಕೆ ಫೋಟೋ ಇದೆಯಾ ಅಂತ ಒಬ್ಬರು ಕೇಳಿದರು. ಇರಲಿಲ್ಲ.

ಅದಕ್ಕೇ ಹೇಳ್ತಿರೋದು. ಮೇಲ್ಗಡೆ ಜೆಸಿಬಿ ಕಂಡ ದಿನವೇ ಹಳ್ಳದ ಫೋಟೋ, ವಿಡಿಯೋ ತೆಗೆದಿಟ್ಟುಕೊಳ್ಳಿ. ಗ್ರಾಮ ನಕ್ಷೆ ತೆಗೆಸಿ, ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ಹೊಂದಿಸಿ ನೋಡಿ. ಹಳ್ಳ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗಲ್ಲದ ಜಾಗ) ಅಂತ ಇದ್ದರೆ ಅದು ಅವರದ್ದೂ ಅಲ್ಲ ನಿಮ್ಮದೂ ಅಲ್ಲ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹಳ್ಳ ಕೆರೆಗಳು ಸರ್ಕಾರದ್ದು. ಪ್ಲಾನಿನಲ್ಲಿ ಚರಂಡಿ ತೋರಿಸಿದರೆ ಅಲ್ಲಿಗೇ ಒಪ್ಪಬೇಡಿ. ನೀರು ಕಾಂಪೌಂಡ್ ದಾಟಿ ಯಾರ ಹೊಲಕ್ಕೆ ಬೀಳುತ್ತೆ, ತಡೆದು ನಿಲ್ಲಿಸೋ ಹೊಂಡ ಎಲ್ಲಿದೆ, ಪೈಪು ಕಟ್ಟಿಕೊಂಡರೆ ಬಿಡಿಸೋರು ಯಾರು, ಇಷ್ಟನ್ನೂ ಬರವಣಿಗೆಯಲ್ಲಿ ಕೇಳಿ, ಅರ್ಜಿಗೆ ಸೀಲು ಹಾಕಿಸಿಕೊಳ್ಳಿ.

ಈಗ ಪಕ್ಕದೂರಿನಲ್ಲಿ ಇನ್ನೊಂದು ಶೆಡ್ಡಿಗೆ ಮಣ್ಣು ಹೊಡೆಸುತ್ತಿದ್ದಾರೆ. ಲೋಡಿಗೆ ರೇಟು ಜಾಸ್ತಿ ಮಾಡಿದ್ದಾರಂತೆ, ಮೊನ್ನೆ ಅಣ್ಣನಿಗೂ ಫೋನ್ ಬಂದಿತ್ತು. ಟ್ರ್ಯಾಕ್ಟರ್ ಕೆಟ್ಟಿದೆ ಅಂದ.